ಕಾರಿನಲ್ಲಿ ‘ಅರ್ಥ್’ ಎಲ್ಲಿದೆ?

ಹತ್ತನೇ ತರಗತಿಯ ಮಕ್ಕಳಿಗೆ ನಾನು ಒಂದು ಪ್ರಶ್ನೆ ಕೇಳುವುದುಂಟು. ಮನೆಗೆ ಅರ್ಥ್ ಕೊಡಲು ನೆಲದಲ್ಲಿ ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪು ಹಾಕಿ, ಕೊಳವೆ ಹೂಳುತ್ತಾರೆ. ಕಾರು ನಿಂತಿರುವುದು ನಾಲ್ಕು ರಬ್ಬರ್ ಚಕ್ರಗಳ ಮೇಲೆ. ಹಾಗಾದರೆ ಕಾರಿನ ಅರ್ಥ್ ಎಲ್ಲಿದೆ? ತರಗತಿ ಮೌನವಾಗುತ್ತದೆ. ಕೆಲವು ವರ್ಷಗಳ ಹಿಂದೆ ಈ ಪ್ರಶ್ನೆ ನನ್ನನ್ನೇ ಪೇಚಿಗೆ ಸಿಲುಕಿಸಿತ್ತು.

ಮೋಕದಿಂದ ಬಳ್ಳಾರಿಗೆ, ಸಿರುಗುಪ್ಪಕ್ಕೆ ಓಡಾಡಲು ನನ್ನಲ್ಲೊಂದು ಹಳೆಯ ಡೀಸೆಲ್ ಅಂಬಾಸಡರ್ ಇತ್ತು. ಇಂಜಿನ್ನಿನ ಬೇರಿಂಗುಗಳ ನಡುವೆ ಎಣ್ಣೆಯ ತೆಳುಪದರ ನಿಲ್ಲಬೇಕಾದರೆ ಪಂಪು ಅದನ್ನು ಒತ್ತಡದಿಂದ ತಳ್ಳುತ್ತಿರಬೇಕು. ಒತ್ತಡ ತಪ್ಪಿದರೆ ಲೋಹಕ್ಕೆ ಲೋಹ ಉಜ್ಜಿ, ನಿಮಿಷಗಳಲ್ಲಿ ಇಂಜಿನ್ ಹಿಡಿದುಕೊಳ್ಳಬಹುದು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಸಾಮಾನ್ಯವಾಗಿ ಹೊತ್ತಿಕೊಳ್ಳುವುದು ಒತ್ತಡ ಸುಮಾರು ಅರ್ಧ ಬಾರ್‌ಗೆ ಇಳಿದ ಮೇಲೆ, ಅಂದರೆ ಕೊನೆಯ ಗಳಿಗೆಯಲ್ಲಿ. ಆದ್ದರಿಂದ ಒತ್ತಡ ತೋರಿಸುವ ಮುಳ್ಳಿನ ಮಾಪಕವೊಂದನ್ನು ತಂದು ನಾನೇ ಜೋಡಿಸಿದೆ.

1849ರಲ್ಲಿ ಫ್ರಾನ್ಸಿನ ಯೂಜೀನ್ ಬೋರ್ಡನ್ ಪೇಟೆಂಟ್ ಪಡೆದ ಮಾಪಕದಲ್ಲಿ ಬಾಗಿದ ಕೊಳವೆಯೊಂದು ಒತ್ತಡಕ್ಕೆ ನೆಟ್ಟಗಾಗಲು ಹೋಗಿ ಮುಳ್ಳನ್ನು ತಿರುಗಿಸುತ್ತದೆ. ಅದನ್ನು ಕಾರಿಗೆ ಹಾಕಿದರೆ ಬಿಸಿ ಎಣ್ಣೆಯ ಸಣ್ಣ ಕೊಳವೆಯನ್ನು ನಮ್ಮ ಮುಂದಿನವರೆಗೂ ತರಬೇಕು. ವಿದ್ಯುತ್ ಮಾಪಕದಲ್ಲಿ ಆ ತೊಂದರೆಯಿಲ್ಲ. ಇಂಜಿನ್ನಿಗೆ ತಿರುಪಿದ ‘ಸೆಂಡರ್’ ಒತ್ತಡಕ್ಕೆ ತಕ್ಕಂತೆ ತನ್ನ ರೋಧವನ್ನು ಬದಲಿಸುತ್ತದೆ. ಅದರಿಂದ ಮಾಪಕಕ್ಕೆ ಬರುವುದು ಒಂದೇ ತಂತಿ. ಎರಡನೆಯ ತಂತಿ ಎಲ್ಲಿ? ಸೆಂಡರಿನ ಮೈ, ಇಂಜಿನ್, ಕಾರಿನ ಬಾಡಿ, ಕೊನೆಗೆ ಬ್ಯಾಟರಿಯ ಋಣ ತುದಿ. ಈ ಕಬ್ಬಿಣದ ದಾರಿಯೇ ಕಾರಿನ ‘ಅರ್ಥ್’. ಭೂಮಿಗೂ ಅದಕ್ಕೂ ಸಂಬಂಧವಿಲ್ಲ.

ನಾನು ಎಡವಿದ್ದು ಇಲ್ಲಿಯೇ. ಎಣ್ಣೆ ಸೋರದಿರಲೆಂದು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸೆಂಡರಿನ ಮರೆಗೆ ದಪ್ಪಗೆ ಸುತ್ತಿದ್ದೆ. ಆ ಟೇಪು ವಿದ್ಯುತ್ ನಿರೋಧಕ! ಮಾರನೆಯ ದಿನ ಕೀ ತಿರುಗಿಸಿ ಹುಡುಗರಿಗೆ ಹೆಮ್ಮೆಯಿಂದ ಮಾಪಕ ತೋರಿಸಿದೆ. ಮುಳ್ಳು ಒಂದು ಬಾರ್ ದಾಟಿ ನಿಂತಿತ್ತು. ಟ್ರ್ಯಾಕ್ಟರ್ ಓಡಿಸುವವರ ಮನೆಯ ಹುಡುಗನೊಬ್ಬ ಮೆಲ್ಲಗೆ ಕೇಳಿದ: “ಸಾರ್, ಇಂಜಿನ್ ಬಂದ್ ಐತಿ. ಪ್ರೆಷರ್ ಎಲ್ಲಿಂದ ಬಂತು?”

ಉತ್ತರ ಓಮ್ ನಿಯಮದಲ್ಲಿತ್ತು. ನನ್ನ ಸೆಂಡರಿನ ರೋಧ ಸೊನ್ನೆ ಒತ್ತಡದಲ್ಲಿ 10 ಓಮ್, 5 ಬಾರ್‌ನಲ್ಲಿ 180 ಓಮ್. ಅಂದರೆ ಬಾರ್ ಒಂದಕ್ಕೆ ಸುಮಾರು 34 ಓಮ್. ಟೇಪಿನಿಂದಾಗಿ ಸಂಪರ್ಕ ಕೆಟ್ಟು ಅಷ್ಟೇ ರೋಧ ಹೆಚ್ಚುವರಿಯಾಗಿ ಸೇರಿದರೂ ಮಾಪಕ ಇಲ್ಲದ ಒಂದು ಬಾರ್ ತೋರಿಸುತ್ತದೆ. ದಾರಿಯಲ್ಲಿ ಒತ್ತಡ ನಿಜಕ್ಕೂ ಕುಸಿದಿದ್ದರೂ ಮುಳ್ಳು ‘ಎಲ್ಲ ಸರಿಯಿದೆ’ ಎಂದೇ ಹೇಳುತ್ತಿತ್ತು. ಮಾಪಕವೇ ಇಲ್ಲದಿರುವುದಕ್ಕಿಂತ ಸುಳ್ಳು ಹೇಳುವ ಮಾಪಕ ಹೆಚ್ಚು ಅಪಾಯಕಾರಿ. ಇನ್ನೊಂದು ಬಗೆಯ ಸೆಂಡರಿನಲ್ಲಿ ಸೊನ್ನೆಗೆ 240 ಓಮ್, ಪೂರ್ಣ ಒತ್ತಡಕ್ಕೆ 33 ಓಮ್. ಅಲ್ಲಿ ಕೆಟ್ಟ ಅರ್ಥ್ ಒತ್ತಡವನ್ನು ಕಡಿಮೆ ತೋರಿಸಿ ಸುಮ್ಮನೆ ಹೆದರಿಸುತ್ತದೆ. ಈ ಬಗೆಯ ಮಾಪಕಕ್ಕೆ ಆ ಬಗೆಯ ಸೆಂಡರ್ ಹಾಕಿದರಂತೂ ಎಲ್ಲವೂ ತಲೆಕೆಳಗು.

ಟೇಪು ಬಿಚ್ಚಿ, ಮರೆ ಒರೆಸಿ ತಿರುಪಿದೆ. ಮುಳ್ಳು ಸೊನ್ನೆಗೆ ಬಂತು.

ಈ ಕೆಲಸಕ್ಕೆ ಕೈಹಾಕುವವರು ಕೆಲವು ಮಾತು ನೆನಪಿಡಬೇಕು. ಮೊದಲು ಬ್ಯಾಟರಿಯ ಋಣ ತಂತಿ ಬಿಚ್ಚಿ. ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಯಿಂದ ಸಣ್ಣ ಫ್ಯೂಸಿನ ಮೂಲಕ ಮಾಪಕಕ್ಕೆ ಸಂಪರ್ಕ ಕೊಡಿ. ತಂತಿ ತಗಡಿನ ರಂಧ್ರ ದಾಟುವಲ್ಲಿ ರಬ್ಬರ್ ಬಳೆ ಇರಲಿ. ಬಿಸಿ ಸೈಲೆನ್ಸರ್ ಕೊಳವೆಯಿಂದ ಅದು ದೂರವಿರಲಿ. ಮಾಪಕಕ್ಕೂ ಸ್ವಂತ ಅರ್ಥ್ ಬೇಕು. ಬಾಡಿಯಲ್ಲಿ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ ಬೋಲ್ಟು ಬಿಗಿಯಿರಿ; ತುಕ್ಕು ಹಿಡಿಯದಂತೆ ಮೇಲೆ ವ್ಯಾಸಲೀನ್ ಸವರಿ. ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಜಿಗಿದರೆ ಅರ್ಥ್ ಸಡಿಲವಿರುವ ಸಂಶಯ ಬರಬೇಕು. ಇಂಜಿನ್ ಕುಳಿತಿರುವುದೂ ರಬ್ಬರಿನ ಮೇಲೆಯೇ. ಅದನ್ನು ಬಾಡಿಗೆ ಬೆಸೆಯುವ ಹೆಣೆದ ತಾಮ್ರದ ಪಟ್ಟಿಯನ್ನು ನಮ್ಮ ಕಡೆಯ ಧೂಳು ಮತ್ತು ತುಕ್ಕು ತಿಂದಿವೆಯೇ ನೋಡಿ.

ಪಾಲಕರಲ್ಲಿ ಒಂದು ವಿನಂತಿ. ಮನೆಯ ಗಾಡಿಯ ಬಾನೆಟ್ ಎತ್ತಿದಾಗ ಮಗನನ್ನಷ್ಟೇ ಅಲ್ಲ, ಮಗಳನ್ನೂ ಪಕ್ಕಕ್ಕೆ ಕರೆಯಿರಿ. ಪರೀಕ್ಷೆಯಲ್ಲಿ ಓಮ್ ನಿಯಮ ಬರೆದು ಪೂರ್ತಿ ಅಂಕ ಪಡೆಯುವವರು ಬಹಳ. ನಿಂತ ಇಂಜಿನ್ನಿಗೆ ಒತ್ತಡ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಆ ಹುಡುಗನ ವಿಜ್ಞಾನದ ಅಂಕ ಹೆಚ್ಚೇನೂ ಇರಲಿಲ್ಲ. ಆದರೆ ಆ ದಿನ ನನ್ನ ಇಂಜಿನ್ನನ್ನು ಉಳಿಸಿದ್ದು ಅವನ ಪ್ರಶ್ನೆಯೇ.