ಫ್ರಿಜ್ ಮೇಲಿನ ಒಂದು ವಚನ: ಬೈಬಲ್ ಓದೋದನ್ನು ನಾನು ಮತ್ತೆ ಕಲಿತದ್ದು ಹೀಗೆ

ನಮ್ಮನೆ ಫ್ರಿಜ್ ಮೇಲೆ ಒಂದು ಮ್ಯಾಗ್ನೆಟ್ ಇದೆ. ಅದರ ಮೇಲೆ ಬೈಬಲ್ಲಿನ ಒಂದೇ ವಚನ, ಯೆರೆಮೀಯ 29:11. ಕ್ರೈಸ್ತರ ಮನೆಗೆ ಹೋಗಿ ಬಂದವರು ಇದನ್ನು ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. ಕ್ಯಾಲೆಂಡರ್‌ನಲ್ಲಿ, ಕಾಫಿ ಮಗ್ ಮೇಲೆ, ಇಲ್ಲಾಂದ್ರೆ ಯಾರದಾದರೂ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ. ದೇವರು ತನ್ನ ಜನರ ಬಗ್ಗೆ ಯೋಚಿಸಿರುವುದು ಕೇಡನ್ನಲ್ಲ, ಒಳಿತನ್ನು. ಅವರಿಗೆ ಮುಂದೆ ಒಳ್ಳೆಯ ದಿನಗಳಿವೆ ಅನ್ನೋದು ಅದರ ಸಾರ.

ಮೂರು ವರ್ಷದ ಹಿಂದೆ ಅಪ್ಪನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ನಾನು ಬೆಳಗ್ಗೆ ಅವರನ್ನು ಆಸ್ಪತ್ರೆಗೆ ಬಿಟ್ಟು, ಅಲ್ಲೇ ಕಾರಿಡಾರಿನಲ್ಲಿ ಕೂತು ಲ್ಯಾಪ್‌ಟಾಪ್ ತೆಗೆದು ಆಫೀಸ್ ಕೆಲಸ ಮಾಡುತ್ತಿದ್ದೆ. ಆ ಮ್ಯಾಗ್ನೆಟ್ ನಮ್ಮನೆಗೆ ಬಂದದ್ದು ಆಗಲೇ. ಅಮ್ಮ ಗದಗ-ಬೆಟಗೇರಿ ಕಡೆಯವರು. ದಿನಾ ಹಾಲು ತೆಗೆಯುವಾಗ ಅದನ್ನು ಓದಿ ಹೇಳೋರು: "ದೇವರು ಮಾತು ಕೊಟ್ಟಾನ. ಅಪ್ಪಾಗ ಆರಾಮ ಆಗ್ತದ, ನೀ ಚಿಂತಿ ಮಾಡಬ್ಯಾಡ."

ನಾನೂ ನಂಬಿದೆ. ಫೋನಿನ ವಾಲ್‌ಪೇಪರ್ ಮಾಡಿಕೊಂಡೆ. ಎಂಟು ತಿಂಗಳಾದ ಮೇಲೆ ಅಪ್ಪ ತೀರಿಕೊಂಡರು.

ಸಮಾಧಿ ಮಾಡಿ ಬಂದ ರಾತ್ರಿ ವಾಲ್‌ಪೇಪರ್ ಬದಲಾಯಿಸಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಮಾತು ಕೊಟ್ಟು ತಪ್ಪಿದ್ದು ಯಾರು? ದೇವರೋ, ಮ್ಯಾಗ್ನೆಟ್ ಮಾಡಿದವರೋ, ನಂಬಿದ ನಾವೋ? ಆರೇಳು ತಿಂಗಳು ಬೈಬಲ್ ಮುಟ್ಟಲಿಲ್ಲ. ಅಮ್ಮನ ಒತ್ತಾಯಕ್ಕೆ ಚರ್ಚಿಗೆ ಹೋಗಿ, ಹಿಂದಿನ ಬೆಂಚಲ್ಲಿ ಕೂತು ಬರುತ್ತಿದ್ದೆ ಅಷ್ಟೇ.

ನಮ್ಮ ಸಭೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಆಂಟಿ. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಬೈಬಲ್ ಸ್ಟಡಿ. ಒಂದು ದಿನ ತಡೆಯಲಾರದೆ ಅವರ ಹತ್ತಿರ ಎಲ್ಲ ಹೇಳಿಬಿಟ್ಟೆ. ಉಪದೇಶ ಮಾಡ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಅದು ಪತ್ರ ಕಣಪ್ಪ. ಬೇರೆಯವರಿಗೆ ಬರೆದದ್ದು. ಮೊದಲಿಂದ ಓದಿದ್ದೀಯಾ?"

ಓದಿರಲಿಲ್ಲ. ಎಂಜಿನಿಯರಿಂಗ್ ಓದಿದವನು ನಾನು. ಆಫೀಸಲ್ಲಿ ಯಾರಾದರೂ ಲಾಗ್‌ನ ಒಂದೇ ಸಾಲು ಕಳಿಸಿ "ಸಮಸ್ಯೆ ಏನು ಹೇಳಿ" ಅಂದ್ರೆ ನಗುತ್ತೇನೆ. ಹಿಂದುಮುಂದಿನ ಸಾಲು ಕಳಿಸಿ ಅಂತೇನೆ. ಬೈಬಲ್ಲಿಗೆ ಮಾತ್ರ ಆ ಮರ್ಯಾದೆ ಕೊಟ್ಟಿರಲಿಲ್ಲ.

ಅವತ್ತು ಎಲ್ಲರೂ ಸೇರಿ ಅಧ್ಯಾಯವನ್ನು ಪೂರ್ತಿ ಓದಿದೆವು. ಕ್ರಿ.ಪೂ. 597ರ ಸುಮಾರಿಗೆ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮನ್ನು ವಶ ಮಾಡಿಕೊಂಡು, ಅಲ್ಲಿನ ರಾಜನನ್ನು, ಅಧಿಕಾರಿಗಳನ್ನು, ಕಮ್ಮಾರರು-ಕುಶಲಕರ್ಮಿಗಳನ್ನೆಲ್ಲ ಸೆರೆ ಒಯ್ದಿದ್ದ. ಊರಲ್ಲೇ ಉಳಿದಿದ್ದ ಪ್ರವಾದಿ ಯೆರೆಮೀಯ ಹಾಗೆ ಹೋದವರಿಗೆ ಬರೆದ ಪತ್ರ ಇದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಇನ್ನೊಬ್ಬ ಪ್ರವಾದಿ ಬರುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ, ಎಲ್ಲರೂ ವಾಪಸ್ ಬರ್ತಾರೆ ಅಂತ ಅವನು ಸಾರುತ್ತಾನೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಅದು ಸುಳ್ಳು ಅನ್ನುತ್ತಾನೆ ಯೆರೆಮೀಯ.

ಹಾಗಾದರೆ ಪತ್ರದಲ್ಲಿ ಇರುವುದೇನು? ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆ ಆಗಿ, ಮಕ್ಕಳನ್ನು ಹೆತ್ತು ಅವರಿಗೂ ಮದುವೆ ಮಾಡಿ. ನಿಮ್ಮನ್ನು ಸೆರೆ ತಂದ ಆ ಪಟ್ಟಣಕ್ಕೇ ಒಳ್ಳೆಯದಾಗಲಿ ಅಂತ ಪ್ರಾರ್ಥಿಸಿ. ಇದು 5ರಿಂದ 7ನೇ ವಚನದವರೆಗೆ. ಆಮೇಲೆ 10ನೇ ವಚನದಲ್ಲಿ ಬರುತ್ತೆ: ಎಪ್ಪತ್ತು ವರ್ಷ. ಅದು ಮುಗಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ. ನಮ್ಮ ಫ್ರಿಜ್ ಮೇಲಿನ ವಚನ ಇದರ ಮರುಸಾಲು.

ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಆ ಪತ್ರ ಓದುವಾಗ ನನ್ನ ವಯಸ್ಸಿನವನು ಒಬ್ಬ ಅಲ್ಲಿ ಕೂತಿದ್ದರೆ, ಮೂವತ್ತಕ್ಕೆ ಎಪ್ಪತ್ತು ಸೇರಿದರೆ ನೂರು. ಅವನು ಊರಿಗೆ ಮರಳುವುದಿಲ್ಲ. ಅವನ ಮಕ್ಕಳು, ಮೊಮ್ಮಕ್ಕಳು ಮರಳಬಹುದು. ಇತಿಹಾಸದಲ್ಲಿ ಆಗಿದ್ದೂ ಹಾಗೆಯೇ. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಕೋರೆಷ ಬಾಬಿಲೋನನ್ನು ಗೆದ್ದ ಮೇಲೇ ಯೆಹೂದ್ಯರು ಊರ ಕಡೆ ಹೊರಟದ್ದು. ಅಂದರೆ ಆ ಮಾತನ್ನು ಮೊದಲು ಕೇಳಿಸಿಕೊಂಡವರಲ್ಲಿ ಬಹಳಷ್ಟು ಜನ ಪರದೇಶದಲ್ಲೇ ಕಣ್ಣು ಮುಚ್ಚಿರಬೇಕು. ಅವರಿಗೆ ಕೊಟ್ಟ ಮಾತು ಸುಳ್ಳಾಗಲಿಲ್ಲ. ಆದರೆ ಅದು "ನಿನಗೆ ಬೇಗ ಆರಾಮ ಆಗುತ್ತೆ" ಅನ್ನುವ ಮಾತು ಯಾವತ್ತೂ ಆಗಿರಲಿಲ್ಲ.

ಆಂಟಿ ಇನ್ನೊಂದು ತೋರಿಸಿದರು. ನನ್ನ ಫೋನಿನಲ್ಲಿದ್ದ ಇಂಗ್ಲಿಷ್ ಬೈಬಲ್‌ನಲ್ಲಿ 'ಯು' ಅಂದರೆ ಒಬ್ಬನೋ, ಹಲವರೋ ಗೊತ್ತಾಗಲ್ಲ. ನಮ್ಮ ಕನ್ನಡದಲ್ಲಿ ನೀನು ಬೇರೆ, ನೀವು ಬೇರೆ. ಹೀಬ್ರೂ ಮೂಲದಲ್ಲೂ ಇಲ್ಲಿ ಇರುವುದು ಬಹುವಚನ. ಒಬ್ಬ ವ್ಯಕ್ತಿಯ ಕೆರಿಯರ್ ಬಗ್ಗೆ, ಒಬ್ಬರ ಕ್ರಿಯಾಟಿನಿನ್ ರಿಪೋರ್ಟ್ ಬಗ್ಗೆ ಹೇಳಿದ್ದಲ್ಲ; ಒಂದು ಜನಾಂಗಕ್ಕೆ ಹೇಳಿದ್ದು. ನಾನು ಅದನ್ನು ಕತ್ತರಿಸಿ ನಮ್ಮಪ್ಪನ ಹೆಸರು ಬರೆದುಕೊಂಡಿದ್ದೆ.

ಆಮೇಲೆ ಶುಕ್ರವಾರ ತಪ್ಪಿಸಲಿಲ್ಲ. ಅಲ್ಲಿ ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಇವು ಬಹಳ ಸರಳ.

ಮೊದಲು, ಮಾತು ಯಾರದು ನೋಡಿ. ಹೊಸ ಅಂಗಡಿ ಶುರು ಮಾಡಿದವರಿಗೆ ಆರಂಭ ಚಿಕ್ಕದಾದರೂ ಮುಂದೆ ದೊಡ್ಡದಾಗುತ್ತೆ ಅನ್ನುವ ಯೋಬ 8:7ನ್ನು ಫ್ರೇಮ್ ಹಾಕಿಸಿ ಕೊಡುವವರಿದ್ದಾರೆ. ಆ ಮಾತು ದೇವರದ್ದಲ್ಲ. ಮಕ್ಕಳನ್ನು ಕಳಕೊಂಡು ಕೂತ ಯೋಬನಿಗೆ ಗೆಳೆಯ ಬಿಲ್ದದ ಹೇಳಿದ್ದು. ಪುಸ್ತಕದ ಕೊನೆಯಲ್ಲಿ, 42:7ರಲ್ಲಿ, ಈ ಗೆಳೆಯರು ತನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ ಅಂತ ದೇವರೇ ಸಿಟ್ಟಾಗುತ್ತಾನೆ.

ಎರಡು, ಹಿಂದುಮುಂದೆ ಓದಿ. ಕ್ರಿಸ್ತನ ಬಲದಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನುವ ಫಿಲಿಪ್ಪಿ 4:13 ಪರೀಕ್ಷೆ ಸೀಸನ್‌ನಲ್ಲಿ ತುಂಬಾ ಓಡುತ್ತೆ. ಅದನ್ನು ಬರೆದಾಗ ಪೌಲ ಸೆರೆಯಲ್ಲಿದ್ದ. ಅದರ ಹಿಂದಿನ ಎರಡು ವಚನ ಓದಿದರೆ ಗೊತ್ತಾಗುತ್ತೆ, ಅವನು ಹೇಳುತ್ತಿರುವುದು ಗೆಲ್ಲುವುದರ ಬಗ್ಗೆ ಅಲ್ಲ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿ ಇರುವುದರ ಬಗ್ಗೆ.

ಮೂರು, ಅದು ಯಾವ ಬಗೆಯ ಬರಹ ನೋಡಿ. ಜ್ಞಾನೋಕ್ತಿ ಅಂದರೆ ಗಾದೆಯ ಹಾಗೆ, ಸಾಮಾನ್ಯವಾಗಿ ನಿಜ. ಮಕ್ಕಳನ್ನು ಸರಿಯಾದ ದಾರಿಯಲ್ಲಿ ಬೆಳೆಸಿದರೆ ಅವರು ಮುಪ್ಪಿನಲ್ಲೂ ದಾರಿ ಬಿಡುವುದಿಲ್ಲ ಅನ್ನುವ 22:6 ಗ್ಯಾರಂಟಿ ಕಾರ್ಡ್ ಅಲ್ಲ. ಅದನ್ನು ಹಾಗೆ ಓದಿ, ಮಗ ದಾರಿ ತಪ್ಪಿದ್ದಕ್ಕೆ ಜೀವನಪೂರ್ತಿ ತಮ್ಮನ್ನೇ ಶಪಿಸಿಕೊಂಡ ತಂದೆತಾಯಿಯನ್ನು ನಾನು ನೋಡಿದ್ದೇನೆ.

ನಾಲ್ಕು, ನಂಬರ್‌ಗಳನ್ನು ನಂಬಿ ನಿಲ್ಲಬೇಡಿ. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಕೊಟ್ಟವನು ಫ್ರೆಂಚ್ ಮುದ್ರಕ ರೊಬೇರ್ ಎಸ್ತಿಯೆನ್, 1551ರಲ್ಲಿ. ಹುಡುಕಲು ಸುಲಭ ಆಗಲಿ ಅಂತ ಹಾಕಿದ ಗುರುತುಗಳವು. ಯೆರೆಮೀಯ 11ನೇ ವಚನ ಬರೆಯಲಿಲ್ಲ, ಪತ್ರ ಬರೆದ.

ಐದು, ಒಬ್ಬರೇ ಓದಬೇಡಿ. ನನ್ನ ದುಃಖ ನನಗೆ ಬೇಕಾದದ್ದನ್ನೇ ಓದಿಸಿತ್ತು. ಆಂಟಿ ಇರದಿದ್ದರೆ ನಾನು ಮೊದಲ ಸಾಲಿಗೆ ಹೋಗುತ್ತಲೇ ಇರಲಿಲ್ಲ. ಸಂದರ್ಭ ಬಿಟ್ಟು ವಚನ ಹೇಳೋದು ಎಷ್ಟು ಅಪಾಯ ಅಂದ್ರೆ, ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ಪರೀಕ್ಷಿಸುವಾಗ 91ನೇ ಕೀರ್ತನೆಯ ಮಾತನ್ನೇ ಬಳಸುತ್ತಾನೆ.

ಇಷ್ಟೆಲ್ಲ ಆದ ಮೇಲೆ ಆ ವಚನ ನನಗೆ ಬೇಡವಾಯಿತಾ? ಇಲ್ಲ. "ಮೊದಲು ಅವರಿಗೆ ಏನು ಹೇಳಿದ್ದು ಅಂತ ತಿಳ್ಕೋ, ಆಮೇಲೆ ನಿನಗೇನು ಅಂತ ಕೇಳು" ಅಂತಾರೆ ಆಂಟಿ. ಪರದೇಶದಲ್ಲಿ ಬಿದ್ದವರನ್ನೂ ದೇವರು ಮರೆಯಲಿಲ್ಲ, ಇದು ನನಗೂ ಸಿಗುವ ಮಾತು. ಇರುವ ಜಾಗದಲ್ಲೇ ಬದುಕು ಕಟ್ಟು, ಸುತ್ತಲಿನವರ ಒಳಿತು ಬಯಸು, ಇದೂ ಅಷ್ಟೇ. ಅಪ್ಪ ಡಯಾಲಿಸಿಸ್ ವಾರ್ಡ್‌ನಲ್ಲಿ ಪಕ್ಕದ ಬೆಡ್ಡಿನವರ ಜೊತೆ ಇಡ್ಲಿ ಹಂಚಿಕೊಳ್ಳುತ್ತಿದ್ದರು, ಅವರ ಮಗಳ ಪಿಯುಸಿ ರಿಸಲ್ಟ್ ಏನಾಯ್ತು ಅಂತ ಕೇಳುತ್ತಿದ್ದರು. ನಾನು ವಾಸಿಯಾಗುವುದನ್ನೇ ಕಾಯುತ್ತಾ ಕೂತಿದ್ದ ಆ ಎಂಟು ತಿಂಗಳನ್ನು ಅವರು ಬದುಕುತ್ತಿದ್ದರು.

ಕಳೆದ ತಿಂಗಳು ಅಪ್ಪನ ಹಳೇ ಕನ್ನಡ ಬೈಬಲ್ ತೆಗೆದೆ. ಓದಿ ಮುಗಿಸಿದ ಪ್ರತಿ ಅಧ್ಯಾಯದ ಕೊನೆಗೆ ಪೆನ್ಸಿಲ್‌ನಲ್ಲಿ ವರ್ಷ ಬರೆಯುವುದು ಅವರ ಅಭ್ಯಾಸ. ಯೆರೆಮೀಯ 29ರ ಕೊನೆಗೆ ಮೂರು ವರ್ಷಗಳಿದ್ದವು: 1998, 2007, 2016. ಇಡೀ ಅಧ್ಯಾಯವನ್ನು ಅವರು ಕಡಿಮೆಯೆಂದರೂ ಮೂರು ಸಲ ಓದಿದ್ದಾರೆ. ನಾನು ಒಂದು ವಚನವನ್ನು ಮುನ್ನೂರು ಸಲ ಓದಿದ್ದೆ.

ಮ್ಯಾಗ್ನೆಟ್ ತೆಗೆಯೋಣವಾ ಅಂತ ಅಮ್ಮ ಕೇಳಿದರು. ಇರಲಿ ಬಿಡಮ್ಮ ಅಂದೆ. ಆ ರಾತ್ರಿ ಇಬ್ಬರೂ ಕೂತು ಅಧ್ಯಾಯವನ್ನು ಮೊದಲಿಂದ ಓದಿದೆವು. ಎಪ್ಪತ್ತು ವರ್ಷ ಅನ್ನುವಲ್ಲಿ ಅಮ್ಮ ಸ್ವಲ್ಪ ಹೊತ್ತು ನಿಲ್ಲಿಸಿದರು. "ನಿಮ್ಮಪ್ಪಗ ಇದು ಗೊತ್ತಿತ್ತು ನೋಡು" ಅಂದರು.

ನಿಮಗೂ ಒಂದು ಇಷ್ಟದ ವಚನ ಇರಬಹುದು. ಇವತ್ತು ಮಲಗುವ ಮುಂಚೆ ಅದರ ಇಡೀ ಅಧ್ಯಾಯ ಓದಿ ನೋಡಿ. ಹತ್ತು ನಿಮಿಷ ಸಾಕು. ಆ ವಚನ ನಿಮ್ಮ ಕೈಬಿಡೋದಿಲ್ಲ. ನೀವು ಅಂದುಕೊಂಡದ್ದಕ್ಕಿಂತ ಬೇರೆ ಏನನ್ನೋ ಹೇಳಬಹುದು, ಅಷ್ಟೇ.