ಗೊರಕೆಗೆ ಮೆಷಿನ್ ತರುವ ಮೊದಲು ಮುಖಕ್ಕೆ ಒಗ್ಗುವ ಮಾಸ್ಕ್ ನೋಡಿ

ನಮ್ಮ ಮನೆಗಳಲ್ಲಿ ಗೊರಕೆಯನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ‘ಕಾಕನಿಗೆ ಒಳ್ಳೆ ನಿದ್ದೆ’ ಎಂದು ನಗುವವರೇ ಹೆಚ್ಚು. ಮದುವೆ ಮನೆಯಲ್ಲಿ ರಾತ್ರಿ ಉಳಿದರೆ ಅವರ ಪಕ್ಕ ಚಾಪೆ ಹಾಸಲು ಯಾರೂ ಒಪ್ಪುವುದಿಲ್ಲ, ಅಷ್ಟೆ. ಆದರೆ ಆ ಗೊರಕೆ ಒಮ್ಮೆಲೇ ನಿಂತು, ಕೋಣೆ ನಿಶ್ಶಬ್ದವಾಗಿ, ಸ್ವಲ್ಪ ಹೊತ್ತಾದ ಮೇಲೆ ಬೆಚ್ಚಿಬಿದ್ದ ಹಾಗೆ ಉಸಿರು ಮತ್ತೆ ಶುರುವಾಗುತ್ತದಲ್ಲ, ಅದು ನಗುವ ವಿಷಯವಲ್ಲ ಮಾರಾಯ್ರೆ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಕ್ಕೆ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಹಗಲು ತೂಕಡಿಕೆ, ಬೆಳಿಗ್ಗೆ ತಲೆನೋವು, ಎಷ್ಟು ಮಾತ್ರೆ ನುಂಗಿದರೂ ಇಳಿಯದ ಬಿಪಿ, ಇವೆಲ್ಲ ಅದರ ಜೊತೆಗೇ ಬರುವುದುಂಟು. ರಾತ್ರಿ ಶಿರಾಡಿ ಘಾಟಿಯಲ್ಲಿ ಸ್ಟೇರಿಂಗ್ ಹಿಡಿಯುವವರಿಗೆ ಇದು ಜೀವದ ಪ್ರಶ್ನೆ. ಉಮ್ಮಂದಿರ ಗೊರಕೆಯ ಬಗ್ಗೆ ಮನೆಯಲ್ಲಿ ಯಾರೂ ಮಾತೇ ಎತ್ತುವುದಿಲ್ಲ. ‘ಸುಸ್ತು’ ಎನ್ನುತ್ತಾರೆ, ವಿಟಮಿನ್ ಮಾತ್ರೆ ತರುತ್ತಾರೆ, ಮುಗಿಯಿತು.

ಇದಕ್ಕೆ ಇರುವ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ವೈದ್ಯಲೋಕಕ್ಕೆ ತಿಳಿಸಿದರು. ಕೆಲಸ ಸರಳ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಮೂಗಿನೊಳಗೆ ಬಿಟ್ಟು ಗಂಟಲು ಮುಚ್ಚಿಕೊಳ್ಳದಂತೆ ತಡೆಯುತ್ತದೆ. ಇದು ಆಕ್ಸಿಜನ್ ಅಲ್ಲ. ಹಾಗಿದ್ದರೂ ಹತ್ತಾರು ಸಾವಿರ ಕೊಟ್ಟು ತಂದ ಯಂತ್ರ ಎಷ್ಟೋ ಮನೆಗಳಲ್ಲಿ ತಿಂಗಳೊಳಗೆ ಕಪಾಟಿನ ಮೇಲೆ ಹತ್ತಿ ಕೂರುತ್ತದೆ. ಹೆಚ್ಚಾಗಿ ದೋಷ ಯಂತ್ರದ್ದಲ್ಲ, ಮಾಸ್ಕ್‌ನದು.

ಮೊದಲು ಪರೀಕ್ಷೆ ಆಗಬೇಕು. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ಮಾಡುವುದುಂಟು, ಕೆಲವರಿಗೆ ಮನೆಯಲ್ಲೇ ಸಣ್ಣ ಉಪಕರಣ ಕಟ್ಟಿಕೊಂಡು ಮಲಗಿದರೂ ಸಾಕಾಗುತ್ತದೆ. ವರದಿಯಲ್ಲಿ ಎ.ಎಚ್.ಐ. ಎಂಬ ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕುಗ್ಗಿತು ಎಂಬ ಲೆಕ್ಕ ಅದು. 5ಕ್ಕಿಂತ ಕೆಳಗಿದ್ದರೆ ಸಾಮಾನ್ಯ, 15ರವರೆಗೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಯಂತ್ರದ ಆಯ್ಕೆ ಈ ವರದಿಯ ಮೇಲೆ ನಿಲ್ಲುತ್ತದೆ, ಅಂಗಡಿಯವರ ಮಾತಿನ ಮೇಲೆ ಅಲ್ಲ. ಒಂದೇ ಒತ್ತಡದಲ್ಲಿ ಗಾಳಿ ಬಿಡುವುದು ಸಾದಾ ಸಿಪ್ಯಾಪ್. ಉಸಿರಿನ ದಾರಿ ಮುಚ್ಚಿದ ಹಾಗೆ ಒತ್ತಡವನ್ನು ತಾನೇ ಏರಿಸಿ ಇಳಿಸುವುದು ಆಟೋ. ಉಸಿರು ಎಳೆಯುವಾಗ ಒಂದು, ಬಿಡುವಾಗ ಕಡಿಮೆ ಇನ್ನೊಂದು ಒತ್ತಡ ಕೊಡುವುದು ಬೈಪ್ಯಾಪ್. ಕೊರೊನಾ ಕಾಲದಲ್ಲಿ ಈ ಹೆಸರು ಎಲ್ಲರ ಬಾಯಿಗೂ ಬಂತು. ಬೇರೆ ತೊಂದರೆ ಇಲ್ಲದವರಿಗೆ ಸಾದಾ ಮತ್ತು ಆಟೋ ಎರಡೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ. ಹೃದಯ ದುರ್ಬಲವಾಗಿರುವವರು, ಶ್ವಾಸಕೋಶದ ಹಳೆ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳದೆ ಆಟೋ ತರಬಾರದು. ಆಟೋ ಯಂತ್ರ 4ರಿಂದ 20ರವರೆಗೆ ಒತ್ತಡ ಕೊಡಬಲ್ಲದು. ಅಷ್ಟನ್ನೂ ಹಾಗೇ ತೆರೆದಿಟ್ಟು ಮನೆಗೆ ಕಳುಹಿಸಿದರೆ, ಕೆಲವು ವಾರದ ದಾಖಲೆ ನೋಡಿ ವೈದ್ಯರು ಅದನ್ನು ನಿಮಗೆ ತಕ್ಕಂತೆ ಕಿರಿದು ಮಾಡಬೇಕು. ಹಾಗಾಗಿ ದಿನದಿನದ ದಾಖಲೆ ಇಡುವ ಯಂತ್ರವನ್ನೇ ಕೇಳಿ.

ಈಗ ಗಲ್ಫ್ ವಿಷಯ. ‘ದಮ್ಮಾಮ್‌ನಲ್ಲಿ ಭಾವನ ಹತ್ತಿರ ಒಂದು ಸುಮ್ಮನೆ ಉಂಟು, ಬರುವಾಗ ತರ್ತಾರೆ’ ಎನ್ನುವುದು ನಮ್ಮಲ್ಲಿ ಸಾಮಾನ್ಯ. ವೋಲ್ಟೇಜಿನ ತಕರಾರು ಬರುವುದಿಲ್ಲ. ಈ ಯಂತ್ರಗಳ ಅಡಾಪ್ಟರ್ ಹೆಚ್ಚಾಗಿ 100ರಿಂದ 240 ವೋಲ್ಟ್ ತನಕ ತಡೆಯುತ್ತದೆ, ಪಿನ್ ಬದಲಾಯಿಸಿದರೆ ಸಾಕು. ಆದರೆ ಅದರಲ್ಲಿರುವ ಒತ್ತಡ ಭಾವನದು, ನಿಮ್ಮದಲ್ಲ. ಇಲ್ಲಿ ಕೆಟ್ಟರೆ ಸರ್ವಿಸ್ ಯಾರು ಕೊಡುತ್ತಾರೆ ಎಂದೂ ಮೊದಲೇ ಕೇಳಿಕೊಳ್ಳಿ. ಇನ್ನೊಂದು ಮುಖ್ಯ ಮಾತು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪೆನಿ ತನ್ನ ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್ ಸೇರಿದಂತೆ ಲಕ್ಷಗಟ್ಟಲೆ ಯಂತ್ರಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಯಿತು. ಸದ್ದು ಕಡಿಮೆ ಮಾಡಲು ಒಳಗಿಟ್ಟ ಫೋಮ್ ಪುಡಿಯಾಗಿ ಗಾಳಿಯ ಜೊತೆ ಒಳಹೋಗುವ ಅಪಾಯ ಇತ್ತು. ಬಳಸಿದ ಯಂತ್ರ ತರುವವರು ಮಾಡೆಲ್ ಮತ್ತು ಸೀರಿಯಲ್ ನಂಬರ್ ನೋಡದೆ ಮೂಗಿಗೆ ಹಚ್ಚಬೇಡಿ. ಮಾಸ್ಕ್, ಪೈಪು, ಫಿಲ್ಟರ್ ಅಂತೂ ಹೊಸದೇ ಬೇಕು.

ಇನ್ನು ಮಾಸ್ಕ್. ಮೂರು ಬಗೆ ಉಂಟು. ಮೂಗಿನ ಹೊಳ್ಳೆಗೆ ಮಾತ್ರ ಒತ್ತಿಕೊಳ್ಳುವ ಸಣ್ಣ ಪಿಲ್ಲೋ, ಇಡೀ ಮೂಗು ಮುಚ್ಚುವ ನೇಸಲ್, ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್. ‘ದೊಡ್ಡದು ತೆಗೊಳ್ಳಿ, ಸೇಫ್’ ಎಂದು ಫುಲ್ ಫೇಸ್ ಕೈಗೆ ಕೊಡುವುದೇ ಹೆಚ್ಚು. ನಾನಾದರೆ ಅದನ್ನು ಕೊನೆಗೆ ಇಡುತ್ತೇನೆ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿ ಮೂಗಿನ ಮಾಸ್ಕನ್ನೇ ಮೊದಲು ಸೂಚಿಸಿದೆ. ಫುಲ್ ಫೇಸ್‌ನಲ್ಲಿ ಗಾಳಿ ಸೋರುವುದು ಜಾಸ್ತಿ, ಒತ್ತಡವೂ ಹೆಚ್ಚು ಬೇಕಾಗುತ್ತದೆ.

ಗಡ್ಡ ಇರುವವರಿಗೆ ಇದು ಇನ್ನೂ ನಿಜ. ಫುಲ್ ಫೇಸ್ ಮಾಸ್ಕ್‌ನ ಕೆಳಗಿನ ಅಂಚು ತುಟಿಯ ಕೆಳಗೆ ಗಡ್ಡದ ಮೇಲೆಯೇ ಕೂರುತ್ತದೆ. ಕೂದಲಿನ ನಡುವೆ ಗಾಳಿ ನುಸುಳಿ ರಾತ್ರಿಯಿಡೀ ಪುಸ್ ಪುಸ್. ಅದಕ್ಕೆಂದು ಗಡ್ಡ ತೆಗೆಯಬೇಕಾಗಿಲ್ಲ, ಪಿಲ್ಲೋ ಅಥವಾ ನೇಸಲ್ ಕೇಳಿದರೆ ಆಯಿತು. ಮೀಸೆ ದಪ್ಪ ಇದ್ದರೆ ಸ್ವಲ್ಪ ಟ್ರಿಮ್ ಬೇಕಾದೀತು. ಮುಖದ ಎಣ್ಣೆ ಪಸೆಯೂ ಮಾಸ್ಕ್ ಜಾರಿಸುತ್ತದೆ. ಇಶಾ ನಮಾಝಿಗೆ ವುಝೂ ಮಾಡಿ ಮುಖ ತೊಳೆದಿರುತ್ತೀರಲ್ಲ, ಆಮೇಲೆ ಕ್ರೀಮ್ ಹಚ್ಚದೆ ಮಲಗಿದರೆ ಸಾಕು.

ಮೂಗು ಕಟ್ಟಿರುವವರು, ನೆಗಡಿ ಅಲರ್ಜಿಯವರು ಮೊದಲು ಅದಕ್ಕೆ ಮದ್ದು ಮಾಡಿಸಿ. ಮೂಗು ತೆರೆದಿದ್ದೂ ಬಾಯಿ ತೆರೆದು ಮಲಗುವ ಅಭ್ಯಾಸ ಹೋಗದಿದ್ದರೆ ಗಲ್ಲಕ್ಕೆ ಪಟ್ಟಿ, ಅದಕ್ಕೂ ಆಗದಿದ್ದರೆ ಫುಲ್ ಫೇಸ್. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅಂಗಡಿಯಲ್ಲೇ ಹೇಳಿ. ಕೆಲವು ಮಾಸ್ಕ್‌ಗಳ ಕ್ಲಿಪ್‌ನಲ್ಲಿ ಅಯಸ್ಕಾಂತ ಇರುತ್ತದೆ, ಅದು ನಿಮಗೆ ಬೇಡ.

ಮಾಸ್ಕನ್ನು ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿ ಆರಿಸಬೇಡಿ. ಯಂತ್ರ ಚಾಲೂ ಮಾಡಿಸಿ, ಮಲಗಿ, ಎಡಕ್ಕೂ ಬಲಕ್ಕೂ ಹೊರಳಿ ನೋಡಿ. ಮಲಗಿದಾಗ ಕೆನ್ನೆಯ ಆಕಾರವೇ ಬೇರೆಯಾಗುತ್ತದೆ. ಸೋರಿದರೆ ಪಟ್ಟಿ ಬಿಗಿಯುವುದು ಎಲ್ಲರ ಮೊದಲ ಬುದ್ಧಿ. ಬಿಗಿದಷ್ಟೂ ಕುಶನ್ ಮಡಚಿ ಇನ್ನೂ ಸೋರುತ್ತದೆ, ಮೂಗಿನ ಮೇಲೆ ಹುಣ್ಣಾಗುತ್ತದೆ. ಪಟ್ಟಿ ಸಡಿಲಿಸಿ ಮತ್ತೆ ಕೂರಿಸಿ, ಆಗದಿದ್ದರೆ ಸೈಜ್ ಬದಲಿಸಿ. ಒಗ್ಗದ ಮಾಸ್ಕನ್ನು ಕೆಲವು ವಾರದೊಳಗೆ ಬದಲಾಯಿಸಿ ಕೊಡುತ್ತೀರಾ ಎಂದು ಹಣ ಕೊಡುವ ಮೊದಲು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರೆಂಟಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

‘ಕರೆಂಟ್ ಹೋದರೆ ಎಂತ, ಉಸಿರು ಕಟ್ಟುದಿಲ್ವಾ?’ ಮಳೆಗಾಲದಲ್ಲಿ ಈ ಹೆದರಿಕೆ ಸಹಜ. ಮಾಸ್ಕ್‌ನಲ್ಲಿ ಗಾಳಿ ಹೊರಹೋಗುವ ರಂಧ್ರಗಳಿವೆ, ಫುಲ್ ಫೇಸ್‌ನಲ್ಲಿ ಗಾಳಿ ನಿಂತರೆ ತಾನೇ ತೆರೆಯುವ ವಾಲ್ವ್ ಕೂಡ ಉಂಟು. ಯಂತ್ರ ನಿಂತ ಕೂಡಲೇ ಎಚ್ಚರವಾಗಿ ಮಾಸ್ಕ್ ತೆಗೆಯುತ್ತೀರಿ, ಅಷ್ಟೆ. ಇನ್ವರ್ಟರ್ ಇದ್ದರೆ ಹ್ಯೂಮಿಡಿಫೈಯರ್ ಬಂದ್ ಮಾಡಿ, ಕರೆಂಟ್ ಎಳೆಯುವುದು ಅದೇ. ಕರಾವಳಿಯ ಸೆಕೆಗೆ ಅದು ಜೋರಾಗಿ ಬೇಕಾಗಿಯೂ ಇಲ್ಲ. ಎಸಿ ಹಾಕಿದ ಕೋಣೆಯಲ್ಲಿ ಪೈಪಿನೊಳಗೆ ನೀರು ಕಟ್ಟಿದರೆ ಹ್ಯೂಮಿಡಿಫೈಯರ್ ಕಡಿಮೆ ಮಾಡಿ, ಯಂತ್ರವನ್ನು ತಲೆಗಿಂತ ತಗ್ಗಿನಲ್ಲಿಡಿ. ಡಬ್ಬಿಗೆ ಬಾವಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ. ಉಮ್ರಾಕ್ಕೆ ಹೋಗುವಾಗ ಆ ಡಬ್ಬಿ ಖಾಲಿ ಮಾಡಿ, ಯಂತ್ರವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಜೊತೆಗೆ ವೈದ್ಯರ ಚೀಟಿ, ಅಲ್ಲಿನ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಇರಲಿ.

ಮೊದಲ ದಿನವೇ ಇಡೀ ರಾತ್ರಿ ಹಾಕಿ ಮಲಗಬೇಕೆಂಬ ಹಠ ಬೇಡ. ಸಂಜೆ ಮೊಬೈಲ್ ನೋಡುತ್ತಾ ಅರ್ಧ ಗಂಟೆ ಹಾಕಿ ಕೂರಿ. ಒತ್ತಡ ನಿಧಾನವಾಗಿ ಏರುವ ರ‍್ಯಾಂಪ್ ಬಟನ್ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ರಂಝಾನಿನಲ್ಲಿ ನಿದ್ದೆ ತುಂಡು ತುಂಡಾಗುತ್ತದೆ, ಸಹರಿ ಮುಗಿಸಿ ಮಲಗುವ ಆ ಎರಡು ಗಂಟೆಗೂ ಮಾಸ್ಕ್ ಬೇಕು, ಮಧ್ಯಾಹ್ನದ ನಿದ್ದೆಗೂ ಬೇಕು. ತಿಂಗಳಾದ ಮೇಲೆ ಯಂತ್ರದ ಮೆಮೊರಿ ಕಾರ್ಡನ್ನೋ ಆ್ಯಪನ್ನೋ ವೈದ್ಯರಿಗೆ ತೋರಿಸಿ ಮೂರು ಪ್ರಶ್ನೆ ಕೇಳಿ. ರಾತ್ರಿ ಎಷ್ಟು ಗಂಟೆ ಹಾಕಿದ್ದೇನೆ, ಎಷ್ಟು ಸೋರಿದೆ, ಎ.ಎಚ್.ಐ. 5ಕ್ಕಿಂತ ಕೆಳಗೆ ಬಂದಿದೆಯಾ?