ಅರಸ, ಅಗಸ, ಗರಗಸ

ತುಮಕೂರು ಸೀಮೆಯಲ್ಲಿ ಶೆಟ್ಟಿಹಳ್ಳಿ ಎಂದರೆ ‘ಯಾವ ಶೆಟ್ಟಿಹಳ್ಳಿ?’ ಎಂಬ ಮರುಪ್ರಶ್ನೆ ಬರುತ್ತದೆ. ನಗರದೊಳಗೆ ಸೇರಿಹೋದದ್ದು ಒಂದು. ಬೇರೆ ಕಡೆಯೂ ಅದೇ ಹೆಸರಿನ ಊರುಗಳು. ಇಂಥ ಊರುಗಳ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ತರಗತಿ ಎಂದರೆ ‘ನಲಿ-ಕಲಿ’ ಎಂಬ ಕಲಿಕಾ ಪದ್ಧತಿಯ ಕೋಣೆ. ಅದೇ ಊರಿನವರೂ ಬಹುಪಾಲು ಅದರ ಒಳಗನ್ನು ಸರಿಯಾಗಿ ನೋಡಿರುವುದಿಲ್ಲ.

ಅಲ್ಲಿ ಬೆಂಚಿನ ಸಾಲಿಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ದುಂಡಗೆ, ಗುಂಪು ಗುಂಪಾಗಿ ಒಟ್ಟಿಗೇ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ, ಮಕ್ಕಳ ಕೈಗೆ ಎಟಕುವಷ್ಟು ಎತ್ತರಕ್ಕೆ ಕಪ್ಪುಹಲಗೆ ಬಳಿದಿರುತ್ತದೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಬರೆದದ್ದು, ಕತ್ತರಿಸಿ ಅಂಟಿಸಿದ್ದು ಎಲ್ಲವನ್ನೂ ತೂಗುಬಿಟ್ಟಿರುತ್ತಾರೆ. ಇದಕ್ಕೆ ಚಪ್ಪರ ಎನ್ನುತ್ತಾರೆ. ಒಂದು ಮೂಲೆಯಲ್ಲಿ ಕಾರ್ಡುಗಳು, ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ಆ ಗುರುತಿನ ಕಾರ್ಡನ್ನು ತಾನೇ ಹುಡುಕಿ ತಂದು ತನ್ನ ಗುಂಪಿಗೆ ಹೋಗುತ್ತದೆ.

ಗುಂಪುಗಳು ಐದು. ಟೀಚರ್ ಪೂರ್ತಿ ಜೊತೆಗಿದ್ದು ಕಲಿಸುವ ಗುಂಪಿನಿಂದ ಹಿಡಿದು, ಗೆಳೆಯರ ನೆರವಿನ ಗುಂಪು ದಾಟಿ, ಮಗು ತಾನೇ ಮಾಡಿ ಮುಗಿಸುವ ಗುಂಪಿನವರೆಗೆ. ಜಾತ್ರೆಗೋ ಜ್ವರಕ್ಕೋ ವಾರ ತಪ್ಪಿಸಿಕೊಂಡ ಮಗು ಬಂದು ನಿಲ್ಲುವುದು ತಾನು ಬಿಟ್ಟುಹೋದ ಮೆಟ್ಟಿಲಿನಲ್ಲೇ. ತರಗತಿ ಅದನ್ನು ಬಿಟ್ಟು ಮುಂದೆ ಓಡಿರುವುದಿಲ್ಲ. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಮದನಪಲ್ಲಿ ಬಳಿಯ ಋಷಿ ವ್ಯಾಲಿಯ ಹಳ್ಳಿಶಾಲೆಗಳಲ್ಲಿ ಕಾರ್ಡು ಮತ್ತು ಏಣಿಯ ಕಲಿಕೆಯನ್ನು ಕಣ್ಣಾರೆ ಕಂಡುಬಂದ ಸರ್ಕಾರಿ ಶಿಕ್ಷಕರು, ಯುನಿಸೆಫ್ ಬೆಂಬಲದಿಂದ ಕನ್ನಡಕ್ಕೆ ತಕ್ಕ ಕಾರ್ಡುಗಳನ್ನು ತಾವೇ ಕೂತು ಬರೆದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ಆ ಶಿಕ್ಷಕರ ಜಾಣ್ಮೆ ಎದ್ದು ಕಾಣುವುದು ಅಕ್ಷರ ಕಲಿಸುವ ಕ್ರಮದಲ್ಲಿ. ನಾವೆಲ್ಲ ಅ ಆ ಇ ಈ ಎಂದು ಶುರುಮಾಡಿದವರು. ಸ್ವರಗಳನ್ನೆಲ್ಲ ತಿದ್ದಿ ಮುಗಿಸಿದರೂ ಓದಲು ಹೆಚ್ಚು ಪದಗಳೇ ಸಿಗವು. ಮಗು ತಿಂಗಳುಗಟ್ಟಲೆ ಕಾಯಬೇಕು. ನಲಿ-ಕಲಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ. ಈ ಐದೇ ಸಾಕು: ಸರ, ರಸ, ದರ, ಅರಸ, ಅಗಸ, ಗರಗಸ. ಆಮೇಲೆ ಜ, ವ, ಮ, ಬ, ನ. ಈಗ ಮರ, ವನ, ಜನ, ನಗರ ಕೈಗೆ ಬಂದವು. ತುಮಕೂರಿನ ಮಕ್ಕಳಿಗೆ ಮನೆಮಾತಾದ ಬಸವನೂ ಬಂದ. ಕೆಲವೇ ವಾರಗಳಲ್ಲಿ ಮಗು ತಾನು ಓದಬಲ್ಲೆ ಎಂದು ನಂಬತೊಡಗುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಹಣೆ ಎಲ್ಲ ಕಡೆ ತನಗೆ ಗೊತ್ತಿರುವ ಅಕ್ಷರ ಹುಡುಕುತ್ತದೆ.

ಕೈಗೂ ಕೆಲಸ ಉಂಟು. ಹುಣಸೆಬೀಜವನ್ನು ಅಕ್ಷರದ ಗೆರೆಯ ಮೇಲೆ ಸಾಲಾಗಿ ಜೋಡಿಸಿದ ಮಗುವಿಗೆ ಗೆರೆ ಎಲ್ಲಿ ಹೊರಟು ಎಲ್ಲಿ ತಿರುಗುತ್ತದೆಂದು ಬೆರಳೇ ಹೇಳಿಕೊಡುತ್ತದೆ. ಲೆಕ್ಕಕ್ಕೆ ತೆಂಗಿನ ಗರಿಯ ಕಡ್ಡಿ. ಹತ್ತು ಕಡ್ಡಿಗೆ ದಾರ ಸುತ್ತಿದರೆ ಒಂದು ಕಟ್ಟು, ಉಳಿದವು ಬಿಡಿ. ಹದಿಮೂರರಿಂದ ಐದು ಕಳೆಯಬೇಕಾದಾಗ ಬಿಡಿ ಸಾಲದೆ ಮಗು ಕಟ್ಟು ಬಿಚ್ಚುತ್ತದೆ. ದಶಕ ತರುವುದು ಎಂದು ನಾವು ಬಾಯಿಪಾಠ ಮಾಡಿದ್ದನ್ನು ಅದು ಕೈಯಾರೆ ಮಾಡಿ ತಿಳಿಯುತ್ತದೆ. ತೆಂಗು, ಹುಣಸೆ ಎರಡಕ್ಕೂ ಈ ಜಿಲ್ಲೆಯಲ್ಲಿ ಬರವಿಲ್ಲ.

ಕೊರತೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಮೂರು ತರಗತಿ, ಐದು ಗುಂಪು, ಒಬ್ಬರೇ ಟೀಚರ್. ಅವರಿಗೆ ಸಭೆ, ದಾಖಲೆ ಕೆಲಸ ಬಂದ ದಿನ ಗುಂಪುಗಳು ಚದುರುತ್ತವೆ. ಕಾರ್ಡು ಹರಿದುಹೋದರೆ ಏಣಿಯ ಆ ಮೆಟ್ಟಿಲೇ ಮುರಿದಂತೆ. ಹೊರಗಿನಿಂದ ನೋಡುವ ತಂದೆತಾಯಿಗೆ ಇದು ಬರೀ ಆಟ, ಗದ್ದಲ. ಪಕ್ಕದ ಕಾನ್ವೆಂಟಿನ ಮಗು ನೋಟ್‌ಬುಕ್ಕಿನ ತುಂಬ ಬರೆದು ತರುವಾಗ ಅವರ ಆತಂಕ ಸಹಜವೇ.

ನನ್ನ ಆತಂಕ ಬೇರೆ. ಕಾರ್ಡಿನಲ್ಲಿರುವುದು ಪದ, ನಾಲ್ಕಾರು ವಾಕ್ಯ. ಮೆಟ್ಟಿಲು ಹತ್ತಿದ ಮಗುವಿಗೆ ಕಥೆಪುಸ್ತಕ ಸಿಗದಿದ್ದರೆ ಹತ್ತಿದ್ದಕ್ಕೆ ಫಲವೇನು? 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನಂಥವರು ಪುಟಕ್ಕೊಂದು ಚಿತ್ರ, ಒಂದೆರಡು ಸಾಲಿನ ಕನ್ನಡ ಪುಸ್ತಕಗಳನ್ನು ಕಡಿಮೆ ಬೆಲೆಗೆ ತಂದಿದ್ದಾರೆ. ಹರಿದಾವೆಂಬ ಭಯಕ್ಕೆ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು ಬೇಡ. ದಿನಕ್ಕೆ ಹತ್ತು ನಿಮಿಷ ಟೀಚರ್ ಗಟ್ಟಿಯಾಗಿ ಓದಲಿ, ಮಕ್ಕಳು ಸುತ್ತ ಕೂತು ಚಿತ್ರ ನೋಡಿ ಮುಂದೇನಾಗುತ್ತದೆಂದು ಊಹಿಸಲಿ, ಆಮೇಲೆ ಪುಸ್ತಕ ಅವರ ಕೈಗೇ ಹೋಗಲಿ. ಶಾಲೆಯಲ್ಲಿ ಪುಸ್ತಕ ಸಾಲದಿದ್ದರೆ ಹಳ್ಳಿಯವರಿಗೆ ಪಂಚಾಯಿತಿ ಗ್ರಂಥಾಲಯವಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಸಂಜೆ ಅಕ್ಕನೋ ಅಣ್ಣನೋ ಹೊರಟಾಗ ಒಂದನೇ ತರಗತಿಯ ಮಗುವನ್ನೂ ಕರೆದುಕೊಂಡು ಹೋಗಬಹುದು.